ಹಂಸದ ಕೊಕ್ಕಿನ ಅತ್ತಿಗೆ-ನಾದಿನಿ

ಆಗಸ್ಟ್ ೯, ಭಾನುವಾರ

ಸಮಸ್ತ ಲೋಕದ ಗಮನಕ್ಕೆ. ಹಲವು ತಿಂಗಳಿಂದ ನಾಪತ್ತೆಯಾಗಿ ಇಡೀ ಮನೆಯನ್ನು ಸಂಶಯಕ್ಕೆ ದೂಡಿದ್ದ ನಮ್ಮ ಬೈನಾಕ್ಯುಲರಿನ ಎಡಗಣ್ಣಿನ ಮುಚ್ಚಳವು ಇಂದು ಸಂಜೆ ಪತ್ತೆಯಾಗಿದೆ ಎಂದು ತಿಳಿಸಲು ಹರ್ಷವಾಗುತ್ತದೆ. ಮುಚ್ಚಳ ಆರೋಗ್ಯವಾಗಿದೆ. ಅದು ಸಿಕ್ಕಿದ್ದು ಮೃತರ ಬೂದು ಸ್ವೆಟರಿನ ಜೇಬಿನಲ್ಲಿ. ಸ್ವೆಟರು ಸಿಕ್ಕಿದ್ದು ಮೃತರ ತಂಗಿಯ ಮೈಮೇಲೆ. ವಿಚಾರಣೆ ನಡೆಯುತ್ತಿದೆ.

ಬಸ್ ನಿಲ್ದಾಣದ ಗಾಜಿನ ಗೂಡಿನೊಳಗೆ ಮೈಕಿನ ಮುಂದೆ ಕೂತೇ ಅರ್ಧ ಆಯುಷ್ಯ ಕಳೆದವಳು ನಾನು. ದಿನಚರಿ ಬರೆಯಲು ಕೂತರೂ ಕೈಯಿಂದ ಘೋಷಣೆಯೇ ಬರುತ್ತದೆ. ಮೃತರು ಎಂದರೆ ನನ್ನ ಯಜಮಾನರು, ಶಾಲೆಯಲ್ಲಿ ಚಿತ್ರಕಲೆ ಮೇಷ್ಟ್ರಾಗಿದ್ದವರು. ಏಪ್ರಿಲ್‌ನಲ್ಲಿ ಹೊರಟರು. ಹೊರಟರು ಎಂದು ಬರೆದರೆ ಯಾವುದೋ ಬಸ್ಸು ಹತ್ತಿದ ಹಾಗಿದೆ. ಹಾಗೇ ಇರಲಿ.

ಅವರ ತಂಗಿ, ಅಂದರೆ ನನ್ನ ನಾದಿನಿ, "ನಾಲ್ಕು ದಿನ ಇದ್ದು ಹೋಗ್ತೀನಿ ಅತ್ತಿಗೆ, ನೀವು ಸುಧಾರಿಸ್ಕೊಳ್ಳೋ ತನಕ" ಎಂದು ಬಂದವಳು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಟ್ರಂಕಿನಿಂದ ಒಂದು ಬಟ್ಟೆ ತೆಗೆದು ಉಡುತ್ತಾಳೆ, ಒಗೆದು ಒಣಗಿಸಿ ಮತ್ತೆ ಟ್ರಂಕಿಗೇ ತುಂಬುತ್ತಾಳೆ. ಕಪಾಟಿನಲ್ಲಿ ಜಾಗ ಮಾಡಿಕೊಟ್ಟರೆ "ಬೇಡ, ಹೇಗೂ ಹೊರಡೋಳು" ಅನ್ನುತ್ತಾಳೆ. ಹೊರಡುವುದೂ ಇಲ್ಲ.

"ಯಾರ ಸ್ವೆಟರು ಅದು?" ಎಂದು ಕೇಳಿದೆ.

"ಅಣ್ಣಂದು."

"ಅದು ಗೊತ್ತು. ಯಾರನ್ನ ಕೇಳಿ ಹಾಕ್ಕೊಂಡೆ?"

"ಅಣ್ಣನ್ನೇ ಕೇಳ್ದೆ. ಏನೂ ಅನ್ಲಿಲ್ಲ."

ನೋಡಿದಿರಾ ರೀ, ನಿಮ್ಮ ತಂಗಿಯ ಬಾಯಿ.


ಆಗಸ್ಟ್ ೧೪, ಶುಕ್ರವಾರ

ಎರಡೂ ಮುಚ್ಚಳ ಕೂಡಿದ ಸಂಭ್ರಮಕ್ಕೆ ಇಂದು ಮನೆಅಳಿಯನನ್ನು ತಾರಸಿಗೆ ಏರಿಸಿದೆವು. ಬೈನಾಕ್ಯುಲರಿಗೆ ಆ ಹೆಸರಿಟ್ಟವರು ಯಜಮಾನರು. ನಮಗೆ ಮಕ್ಕಳಿಲ್ಲ. ಮಗಳಿಲ್ಲದ ಮನೆಗೆ ಅಳಿಯ ಮಾತ್ರ ಹೇಗೋ ಬಂದು ಸೇರಿಕೊಂಡ. ಅವನನ್ನು ಎತ್ತಲು ಇಬ್ಬರು ಬೇಕು. ಥಂಡಿ ತಾಗಬಾರದು, ಧೂಳು ಕೂಡದು, ಕೂರಲು ಬೇರೆಯೇ ಆಸನ ಆಗಬೇಕು, ಆ ಆಸನಕ್ಕೋ ಮೂರೇ ಕಾಲು. ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡು ಅವನು ಮಾಡುವ ಕೆಲಸ ಒಂದೇ: ಬರಿಗಣ್ಣಿಗೆ ಒಂದಾಗಿ ಕಾಣುವ ಚುಕ್ಕಿಯನ್ನು ಎರಡಾಗಿ ತೋರಿಸುವುದು. ಅಷ್ಟೇ. ಆ ಅಷ್ಟಕ್ಕಾಗಿ ಒಬ್ಬ ಗಂಡಸು ತನ್ನ ಸಂಜೆಗಳನ್ನೆಲ್ಲ ತಾರಸಿಗೆ ಬರೆದುಕೊಟ್ಟಿದ್ದ.

ಹಂಸ ಅನ್ನುವ ನಕ್ಷತ್ರಗಳ ಗುಂಪಿನಲ್ಲಿ ಕೊಕ್ಕಿನ ತುದಿಯಲ್ಲಿ ಒಂದು ಚುಕ್ಕಿ ಇದೆ. ಅಳಿಯನ ಕಣ್ಣಲ್ಲಿ ಅದು ಜೋಡಿ: ದೊಡ್ಡದು ಹಳದಿ, ಪಕ್ಕದಲ್ಲಿ ಚಿಕ್ಕದು ನೀಲಿ. ಎರಡೂ ನಿಜಕ್ಕೂ ಒಂದಕ್ಕೊಂದು ಕಟ್ಟಿಕೊಂಡು ಸುತ್ತುತ್ತಿವೆಯೋ, ಇಲ್ಲಾ ಬೇರೆಬೇರೆ ದೂರದಲ್ಲಿದ್ದು ನಮ್ಮ ಕಣ್ಣಿನ ನೇರಕ್ಕೆ ಬಿದ್ದದ್ದರಿಂದ ಜೋಡಿಯಾಗಿ ಕಾಣುತ್ತಿವೆಯೋ, ಪಂಡಿತರಲ್ಲೇ ಒಮ್ಮತವಿಲ್ಲವಂತೆ. ಅದಕ್ಕೇ ಯಜಮಾನರು ಈ ಜೋಡಿಯನ್ನು "ಅತ್ತಿಗೆ-ನಾದಿನಿ" ಎಂದು ಕರೆಯುತ್ತಿದ್ದರು. ನಾವಿಬ್ಬರೂ ಪಕ್ಕದಲ್ಲಿದ್ದಾಗ ಹೇಳಿ, ಒಬ್ಬರೇ ನಗುತ್ತಿದ್ದರು.

ಅವರದ್ದೊಂದು ಕಾನೂನಿತ್ತು. ಇಬ್ಬರೂ ನೋಡುವ ತನಕ ಬಾಯಿಗೆ ಬೀಗ. ಆಮೇಲೆ ಚಿಕ್ಕವರು ಮೊದಲು, ದೊಡ್ಡವರು ಆಮೇಲೆ, ಕಂಡದ್ದನ್ನು ಕಂಡ ಹಾಗೆ ಹೇಳಬೇಕು: ಯಾವ ಬಣ್ಣ, ಚಿಕ್ಕದು ಯಾವ ಕಡೆ. ಹೇಳಿಸಿಕೊಂಡು ನೋಡಿದವನು ಹೇಳಿದ್ದನ್ನೇ ನೋಡುತ್ತಾನೆ ಅನ್ನುವುದು ಅವರ ವಾದ. ಅವರಿಲ್ಲದಿದ್ದರೂ ಕಾನೂನು ಜಾರಿಯಲ್ಲಿದೆ.

ನಾದಿನಿ ನೂಲಿನ ಕಾರ್ಖಾನೆಯಲ್ಲಿ ಬಣ್ಣ ಹೊಂದಿಸುವವಳಾಗಿದ್ದಳು. ಬಣ್ಣ ಹಾಕಿ ತೆಗೆದ ದಾರವನ್ನು ಮಾದರಿ ದಾರದ ಪಕ್ಕ ಹಿಡಿದು, ಕಿಟಕಿಯ ಬೆಳಕಲ್ಲಿ ನೋಡಿ, ಸರಿ ಅಥವಾ ಅಲ್ಲ ಅನ್ನುವ ಕೆಲಸ. ಹೋದ ವರ್ಷ "ಸಾಕಾಯ್ತು" ಎಂದು ಬಿಟ್ಟಳು. ಭಾಷೆ ಮಾತ್ರ ಬಿಟ್ಟಿಲ್ಲ.

"ದೊಡ್ಡದು ಒಗೆದು ಒಗೆದು ಮಾಸಿದ ಸಾಸಿವೆ ಹಳದಿ," ಎಂದಳು. "ಚಿಕ್ಕದು ನೀಲಿ ಅಲ್ಲ. ಬಿಳಿ ದಾರದ ಪಕ್ಕ ನೀಲಿ ದಾರ ಇಟ್ರೆ ಬಿಳಿಗೆ ಒಂದು ನೆರಳು ಹತ್ತುತ್ತಲ್ಲ, ಅದು. ಕೆಳಗೆ ಎಡಕ್ಕೆ ಕೂತಿದೆ."

ನನ್ನ ಸರದಿ ಬಂತು. "ಹಳದಿ. ನೀಲಿ. ಕೆಳಗೆ ಎಡಕ್ಕೆ."

"ನಿಮಗೆ ಬಣ್ಣ ತೋರಿಸೋದೂ ಒಂದೇ, ಬಸ್ಸಿನ ಬೋರ್ಡು ತೋರಿಸೋದೂ ಒಂದೇ," ಎಂದಳು.


ಆಗಸ್ಟ್ ೧೫, ಶನಿವಾರ

ಮೋಡ. ಅಳಿಯನಿಗೆ ರಜೆ. ಅತ್ತೆಗೂ ಏನೂ ಕೆಲಸವಿಲ್ಲ. ಬೇಗ ಮಲಗಿದೆ.


ಆಗಸ್ಟ್ ೨೨, ಶನಿವಾರ

ನಾದಿನಿಯ ಮೇಲೆ ಇಂದಿನ ದೂರುಗಳು. ಲೋಟದ ಕಂಠ ಮೀರಿ ಟೀ ಸುರಿದಳು, ಒರೆಸಲಿಲ್ಲ. ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ಅಂಗಡಿಗೆ ಹೋಗಿಬಂದಳು, ಬಣ್ಣಗಳ ಮಹಾರಾಣಿ. ಮಾತಾಡಿಸಿದರೆ ಮುಖ ನೋಡುವುದಿಲ್ಲ, ನನ್ನ ಕಿವಿಯ ಕಡೆ ನೋಡಿ ಉತ್ತರ ಕೊಡುತ್ತಾಳೆ. ಕೊಬ್ಬು.

ಕೆಳಮನೆ ದರ್ಜಿ ಇನ್ನೊಂದು ಸೇರಿಸಿದ. "ಅಕ್ಕಾ, ನಿಮ್ಮ ನಾದಿನಿ ನನ್ನ ಹತ್ರ ಬಂದು ಸೂಜಿಗೆ ದಾರ ಹಾಕಿಸ್ಕೊಂಡು ಹೋದ್ರು. ದಾರದ ಕಾರ್ಖಾನೆಯೋರು ದರ್ಜಿ ಹತ್ರ ದಾರ ಪೋಣಿಸ್ಕೊಳ್ಳೋದು ಅಂದ್ರೆ ನಂಗೆ ದೊಡ್ಡ ಗೌರವ."

"ಸೋಮಾರಿತನ ಕಣಪ್ಪ," ಎಂದೆ.

ಅವನನ್ನೂ ಸಂಜೆ ತಾರಸಿಗೆ ಕರೆದಳು ಮಹಾರಾಣಿ. ಅವನು ಅಳಿಯನ ಮುಂದೆ ಬಗ್ಗಿ, ತುಂಬ ಹೊತ್ತು ನೋಡಿ, "ಚೆನ್ನಾಗಿದೆ" ಎಂದ.

"ಚೆನ್ನಾಗಿದೆ ಅನ್ನೋದು ಯಾವ ಬಣ್ಣ?" ಎಂದು ಕೇಳಿದಳು.

ಪಾಪ, ಅಳತೆ ತಪ್ಪಿದವನ ಹಾಗೆ ನಿಂತ. ಹೋಗುವಾಗ ಮಾತಿಗೆ ಮಾತು ಬಂದು, ತನ್ನ ದೊಡ್ಡಮ್ಮ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಳೆ, ಎಲ್ಲರಿಗೂ ಕಷ್ಟ ಎಂದ. ನಾದಿನಿ ತಟ್ಟನೆ, "ಇನ್ನೊಬ್ಬರ ಮನೇಲಿ ಭಾರ ಆಗೋದಕ್ಕಿಂತ ಹಾಸ್ಟೆಲ್ಲೇ ವಾಸಿ. ಆ ದಿನ ಬಂದ್ರೆ ನಾನಂತೂ ಒಂದು ರಾತ್ರಿನೂ ಇರೋಳಲ್ಲ" ಎಂದಳು. ಯಾರೂ ಕೇಳಿರಲಿಲ್ಲ.


ಆಗಸ್ಟ್ ೩೦, ಭಾನುವಾರ

ಮತ್ತೆ ಹಂಸದ ಕೊಕ್ಕು. ಮತ್ತೆ ಮಾಸಿದ ಸಾಸಿವೆ, ಮತ್ತೆ ನೆರಳು, ಮತ್ತೆ ಕೆಳಗೆ ಎಡಕ್ಕೆ. ಒಂದಕ್ಷರವೂ ಆಚೀಚೆ ಇಲ್ಲ. ಇದನ್ನೇ ಕಾರ್ಖಾನೆಯ ಶಿಸ್ತು ಅನ್ನುವುದು. ನನಗೆ ಮಾತ್ರ ದಿನಕ್ಕೊಂದು ಬಣ್ಣ ಕಾಣುತ್ತದೆ.

ಆಕೆ ನಗುವಾಗ ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆ. ನಿಮ್ಮದೇ ಬಾಯಿ ರೀ. ಅದಕ್ಕೇ ನಾನೂ ಅವಳ ಮುಖ ಜಾಸ್ತಿ ನೋಡಲು ಹೋಗುವುದಿಲ್ಲ.


ಸೆಪ್ಟೆಂಬರ್ ೩, ಗುರುವಾರ

ಇದನ್ನು ಹೇಗೆ ಬರೆಯಲಿ.

ಇಂದು ಅಳಿಯನನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಕೊಕ್ಕಿನ ಕಡೆ ತಿರುಗಿಸಿಟ್ಟು, ನಾನು ಒಗೆದ ಬಟ್ಟೆ ತರಲು ಹಗ್ಗದ ಕಡೆ ಹೋದೆ. ಅವಳು ಕುರ್ಚಿಯಲ್ಲಿ ಕೂತು ನೋಡಿದಳು. ಎಂದಿನಂತೆ ನಿಧಾನ. ಉಸಿರು ಹಿಡಿದು, ಕುತ್ತಿಗೆ ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ. ಮುಗಿಸಿ ಎದ್ದಳು. ಬಾಯಿಗೆ ಬೀಗ.

ನಾನು ಕೂತೆ. ಕಣ್ಣಿಟ್ಟೆ. ಕತ್ತಲೆ. ಬಾವಿಯ ಹಾಗೆ ಕತ್ತಲೆ.

ಮುಚ್ಚಳ. ಎರಡೂ ಮುಚ್ಚಳ ತೆಗೆಯುವುದನ್ನೇ ಮರೆತಿದ್ದೆ. ನಗು ಉಕ್ಕಿತು. ಸರಿ ಮಹಾರಾಣಿ, ಮುಚ್ಚಳ ನೋಡಿ ಎದ್ದಿದ್ದೀಯ, ಹೇಳಿದರೆ ನನ್ನ ಮುಂದೆ ಮಾನ ಹೋಗುತ್ತದೆ ಎಂದು ಸುಮ್ಮನಿದ್ದೀಯ, ನಿನ್ನ ಬಾಯಿಂದಲೇ ಬರಲಿ ನೋಡೋಣ, ಎಂದುಕೊಂಡೆ. ಸದ್ದಿಲ್ಲದೆ ಮುಚ್ಚಳಗಳನ್ನು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡೆ. ಹಳದಿ, ನೀಲಿ ಅಲ್ಲೇ ಇದ್ದವು.

"ಆಯ್ತಾ?" ಎಂದಳು.

"ಆಯ್ತು. ನೀನು ಹೇಳು."

"ದೊಡ್ಡದು ಒಗೆದು ಒಗೆದು ಮಾಸಿದ ಸಾಸಿವೆ ಹಳದಿ. ಚಿಕ್ಕದು ನೀಲಿ ಅಲ್ಲ. ಬಿಳಿ ದಾರದ ಪಕ್ಕ ನೀಲಿ ದಾರ ಇಟ್ರೆ..."

ಪೂರ್ತಿ ಹೇಳಿದಳು. ಕೆಳಗೆ ಎಡಕ್ಕೆ ಅನ್ನುವ ತನಕ.

ಲೋಟದ ಟೀ, ಕಾಲುಚೀಲ, ಸೂಜಿ, ನನ್ನ ಕಿವಿ. ಎಲ್ಲ ಒಂದರ ಹಿಂದೊಂದು ಬಂದು ನಿಂತವು.

"ನಿಮಗೆ?" ಎಂದಳು.

"ನನಗೂ ಅದೇ," ಎಂದೆ. "ಹಳದಿ. ನೀಲಿ."


ಸೆಪ್ಟೆಂಬರ್ ೪, ಶುಕ್ರವಾರ

ಇಂದು ಗೂಡಿನೊಳಗೆ ಕೂತು, ಐದನೇ ಅಂಕಣದಲ್ಲಿ ಬಸ್ಸಿಗೆ ಕಾದು ನಿಂತಿದ್ದ ಜನರನ್ನು ಎರಡನೇ ಅಂಕಣಕ್ಕೆ ಓಡಿಸಿದೆ. ಮತ್ತೆ ಐದಕ್ಕೆ ಓಡಿಸಿದೆ. ಒಬ್ಬ ಅಜ್ಜ ಗಾಜಿನ ಹೊರಗೆ ಬಂದು ನಿಂತು, "ತಾಯೀ, ಒಂದು ತೀರ್ಮಾನಕ್ಕೆ ಬನ್ನಿ" ಎಂದು ಕೈ ಮುಗಿದ.

ಒಂದು ತೀರ್ಮಾನಕ್ಕೆ ಬಂದಿದ್ದೇನೆ. ನನಗೆ ಏನೂ ಗೊತ್ತಿಲ್ಲ. ನನಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾದ ದಿನ ಟ್ರಂಕು ಮಂಚದ ಕೆಳಗಿಂದ ಹೊರಗೆ ಬರುತ್ತದೆ. ಆಮೇಲೆ ಈ ಮನೆಯಲ್ಲಿ ಅಳಿಯನೂ ನಾನೂ. ಅವನನ್ನು ನಾನೊಬ್ಬಳೇ ಎತ್ತಲಾರೆ.


ಸೆಪ್ಟೆಂಬರ್ ೨೦, ಭಾನುವಾರ

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದರೆ ಏನೆಂದು ಈಗ ತಿಳಿಯಿತು. ಅವಳು ಬರುವ ದಾರಿಯಿಂದ ಸ್ಟೂಲು ಸರಿಸುತ್ತೇನೆ, ಕೇಳಿದರೆ ಕಸ ಗುಡಿಸುತ್ತಿದ್ದೆ ಅನ್ನುತ್ತೇನೆ. ಟೀ ನಾನೇ ಬಗ್ಗಿಸುತ್ತೇನೆ, ನಿನ್ನ ಟೀ ಕುಡಿಯುವ ಹಾಗಿರಲ್ಲ ಅನ್ನುತ್ತೇನೆ. ಕಾಲುಚೀಲಗಳನ್ನೆಲ್ಲ ಒಂದೇ ಬಣ್ಣದವು ತಂದಿಟ್ಟೆ, ಅಂಗಡಿಯಲ್ಲಿ ಬೇರೆ ಇರಲಿಲ್ಲ ಎಂದೆ. ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತೇನೆ.

"ಮೈಕಿಲ್ಲದೆ ಇರೋಕಾಗಲ್ವಾ ಅತ್ತಿಗೆ ನಿಮಗೆ?"

"ಅಭ್ಯಾಸ ಕಣೇ."

ತಾರಸಿಯಲ್ಲಿ ಅವಳು ಏನಂದರೂ ನನಗೂ ಅದೇ. ಹೀಗೆ ಇಷ್ಟು ಹೊಂದಿಕೊಂಡು ನಾವು ಎಂದೂ ಬಾಳಿರಲಿಲ್ಲ. ಇವತ್ತು ಮೂರು ಜೋಡಿ ನೋಡಿದೆವು, ಮೂರರಲ್ಲೂ ಒಮ್ಮತ. ಪಂಡಿತರು ನಮ್ಮಿಂದ ಕಲಿಯಬೇಕು.

ಕೆಳಗಿಳಿಯುವಾಗ ಮೆಟ್ಟಿಲಲ್ಲಿ ಅವಳ ಮೊಣಕೈ ಹಿಡಿದೆ. ನನಗೆ ಮಂಡಿ ನೋವು ಎಂದೆ. ಅವಳು ನನ್ನ ಭಾರವನ್ನು ಎಷ್ಟು ಜೋಪಾನವಾಗಿ ಹೊತ್ತು ಇಳಿಸಿದಳು ಎಂದರೆ, ಕೊನೆಕೊನೆಗೆ ನನಗೆ ನಿಜವಾಗಿ ಮಂಡಿ ನೋಯಲು ಶುರುವಾಯಿತು.


ಅಕ್ಟೋಬರ್ ೨, ಶುಕ್ರವಾರ

ಗಾಳಿ ಶುಭ್ರವಾಗಿತ್ತು. ನೋಡಿದಳು. ನೋಡಿದೆ. ಬೀಗ ತೆಗೆಯುವ ಹೊತ್ತಿಗೆ ಅವಳು ನನ್ನ ಕಡೆಗೆ ಕಿವಿ ತಿರುಗಿಸಿದಳು. ಆಮೇಲೆ ನಿಧಾನವಾಗಿ,

"ದೊಡ್ಡದು ನೀಲಿ. ಚಿಕ್ಕದು ಹಳದಿ," ಎಂದಳು.

"ನನಗೂ ಹಾಗೇ ಕಾಣ್ತು," ಎಂದೆ.

 ಸ್ವೆಟರಿನ ತೋಳನ್ನು ಕೈಯ ಮೇಲೆ ಎಳೆದುಕೊಂಡಳು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದು ಇಳಿದಳು, ನನ್ನ ಮೊಣಕೈ ಬಿಟ್ಟು.

ಮೆಟ್ಟಿಲು ಮುಗಿದ ಮೇಲೆ ನನಗೆ ಹೊಳೆಯಿತು, ನಾನು ಏನೆಂದೆ ಎಂದು.


ಅಕ್ಟೋಬರ್ ೩, ಶನಿವಾರ

ಬೆಳಿಗ್ಗೆ ಎಚ್ಚರವಾದದ್ದೇ ಟ್ರಂಕು ಎಳೆಯುವ ಸದ್ದಿಗೆ.

"ಕಾರ್ಖಾನೆ ಗೆಳತಿ ಇರೋ ಹಾಸ್ಟೆಲಲ್ಲಿ ಒಂದು ಮಂಚ ಖಾಲಿ ಇದೆಯಂತೆ. ಸೋಮವಾರ ಹೊರಡ್ತೀನಿ ಅತ್ತಿಗೆ."

ನಾನು ಬಾಗಿಲಲ್ಲೇ ನಿಂತಿದ್ದೆ.

"ಎಷ್ಟು ದಿನದಿಂದ ಗೊತ್ತು ನಿಮಗೆ?" ಎಂದಳು.

"ಒಂದ್ಸಲ ಮುಚ್ಚಳ ತೆಗೆಯೋದು ಮರೆತಿದ್ದೆ."

"ಮುಚ್ಚಳ ಹಾಕಿದ್ರೂ ನಾನು ಸಾಸಿವೆ ಹಳದಿ ಅಂದ್ನಾ?"

"ಪೂರ್ತಿ ಅಂದೆ. ನೆರಳು ಸಮೇತ."

ಮೊದಲು ನಕ್ಕವಳು ಅವಳೇ. ಆಮೇಲೆ ನಾನೂ ನಕ್ಕೆ. ಮಂಚದ ಮೇಲೆ ಕೂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಕೋಣೆ ದೊಡ್ಡದಾಯಿತು.

ಕಣ್ಣಿನ ಪರದೆ ನಡುವಿನಿಂದ ಸವೆಯುತ್ತ ಅಂಚಿಗೆ ಹರಡುತ್ತಿದೆಯಂತೆ. ಒಂದು ಕಣ್ಣು ಆಗಲೇ ಹೋಗಿದೆ, ಇನ್ನೊಂದು ಹೋಗುತ್ತಿದೆ, ಡಾಕ್ಟರ ಸೂಜಿಗೂ ನಿಲ್ಲಲಿಲ್ಲ. "ನೇರ ನೋಡಿದ್ರೆ ನೀವು ಇಲ್ಲ ಅತ್ತಿಗೆ. ಕಿವಿ ಪಕ್ಕ ನೋಡಿದ್ರೆ ಸ್ವಲ್ಪ ಇದೀರಿ." ಕಾರ್ಖಾನೆಯಲ್ಲಿ ಒಂದು ದಿನ ಬೇರೆಬೇರೆ ಎರಡು ಕೆಂಪನ್ನು ಒಂದೇ ಎಂದಳಂತೆ. ಯಾರೂ ಏನೂ ಅನ್ನಲಿಲ್ಲ. ಮರುದಿನ ಅವಳೇ ಕೆಲಸ ಬಿಟ್ಟಳು. ಅಣ್ಣನಿಗೆ ಹೇಳೋಣ ಎಂದು ಬರುವುದರೊಳಗೆ ಅಣ್ಣ ಹಾಸಿಗೆ ಹಿಡಿದಿದ್ದ.

"ಇಲ್ಲೇ ಇರು. ಭಾರ ಅಂತ ನಾನು ಅಂದ್ನಾ?" ಎಂದೆ.

"ಭಾರದ ಮಾತು ದರ್ಜಿಗೆ ಹೇಳಿದ್ದು. ಇದು ಬೇರೆ." ಟ್ರಂಕಿನ ಬಟ್ಟೆಗಳನ್ನು ತಟ್ಟಿ ತಟ್ಟಿ ಸರಿ ಮಾಡಿದಳು. "ಇನ್ನು ಮುಂದೆ ನಾನು ಇನ್ನೊಬ್ಬರ ಮಾತಿನ ಮೇಲೆ ಬದುಕ್ಬೇಕು. ನಾನು ನೀಲಿ ಅಂದ್ರೆ ನೀಲಿ, ಹಳದಿ ಅಂದ್ರೆ ಹಳದಿ ಅನ್ನೋರ ಹತ್ರ ಹೇಗಿರ್ಲಿ? ನಾಳೆ ಒಲೆ ಆರಿದೆಯಾ ಅಂತ ಕೇಳ್ತೀನಿ. ನನ್ನ ಸಮಾಧಾನಕ್ಕೆ ಆರಿದೆ ಅಂತೀರಿ."

"ಒಲೆ ವಿಷಯದಲ್ಲಿ ಹಾಗಂತೀನೇನೇ?"

"ಎಲ್ಲಿ ಸುಳ್ಳು ಹೇಳ್ತೀರಿ, ಎಲ್ಲಿ ಹೇಳಲ್ಲ ಅಂತ ನಾನು ಹೇಗೆ ನೋಡ್ಲಿ ಅತ್ತಿಗೆ?"




ಅಕ್ಟೋಬರ್ ೪, ಭಾನುವಾರ

ಆಕಾಶ ಶುಭ್ರ. ಯಾರೂ ಮೇಲೆ ಹೋಗಲಿಲ್ಲ.


ಅಕ್ಟೋಬರ್ ೫, ಸೋಮವಾರ

ಬೆಳಗಿನ ಪಾಳಿ. ಇಬ್ಬರೂ ಒಟ್ಟಿಗೇ ಬಸ್ ನಿಲ್ದಾಣಕ್ಕೆ ಹೋದೆವು, ನಾನು ಕೆಲಸಕ್ಕೆ, ಅವಳು ಬಸ್ಸಿಗೆ. ಧ್ವನಿವರ್ಧಕದ ಕಂಬದ ಕೆಳಗಿನ ಬೆಂಚಿನಲ್ಲಿ ಕೂತಳು. "ಬೋರ್ಡು ಕಾಣಲ್ಲ. ನೀವು ಕೂಗಿದಾಗ ಹತ್ಕೋತೀನಿ, ಹೋಗಿ" ಎಂದಳು. ನಾನು ಗಾಜಿನ ಗೂಡಿನೊಳಗೆ ಬಂದೆ. ಅಲ್ಲಿಂದ ಅವಳು ಕಾಣುತ್ತಾಳೆ. ಅವಳಿಗೆ ನಾನು ಕಾಣುವುದಿಲ್ಲ. ಮಂಡಿಯ ಮೇಲೆ ಟ್ರಂಕು, ಟ್ರಂಕಿನ ಮೇಲೆ ಎರಡು ಕೈ.

ಅವಳ ಬಸ್ಸು ದಿನವೂ ನಿಲ್ಲುವುದು ಮೂರನೇ ಅಂಕಣದಲ್ಲಿ, ಅವಳ ಬೆಂಚಿನ ಎದುರಿಗೇ. ಇಂದು ಮೂರರಲ್ಲಿ ಒಂದು ಬಸ್ಸು ಕೆಟ್ಟು ಕೂತಿತ್ತು. ನಿಯಂತ್ರಕ ಬಂದು ಕಿಟಕಿ ತಟ್ಟಿ, "ಏಳಕ್ಕೆ ಹಾಕಿದೀನಿ, ಕೂಗಿ. ಡ್ರೈವರ್ ಗಡಿಬಿಡೀಲಿದಾನೆ, ಜಾಸ್ತಿ ನಿಲ್ಲಲ್ಲ" ಎಂದ. ಏಳು ಎಂದರೆ ನಿಲ್ದಾಣದ ಆ ತುದಿ.

ನಾನು ಏನೂ ಮಾಡಬೇಕಿರಲಿಲ್ಲ. ಬಾಯಿ ತಪ್ಪಿ ಮೂರು ಎಂದರೆ ಸಾಕಿತ್ತು. ಅಥವಾ ಗಂಟಲು ಸರಿಮಾಡಿಕೊಳ್ಳುತ್ತ ಒಂದಿಷ್ಟು ಹೊತ್ತು ಕಳೆದರೆ ಸಾಕಿತ್ತು. ಬಸ್ಸು ಹೋಗುತ್ತಿತ್ತು, ಅವಳು ಅಲ್ಲೇ ಉಳಿಯುತ್ತಿದ್ದಳು. ಹೋದ ತಿಂಗಳು ಐದಕ್ಕೆ ಎರಡೆಂದು ಕೂಗಿದವಳು ನಾನು. ಒಂದು ತಪ್ಪು ಇನ್ನೊಂದಕ್ಕೆ ಸಾಕ್ಷಿ ಹೇಳುತ್ತಿತ್ತು.

ಮೈಕಿನ ಗುಂಡಿ ಒತ್ತಿ ಸುಮ್ಮನಿದ್ದೆ. ನಿಲ್ದಾಣದ ತುಂಬ ನನ್ನ ಉಸಿರು ಕೇಳಿಸಿರಬೇಕು.

"ಪ್ರಯಾಣಿಕರ ಗಮನಕ್ಕೆ," ಎಂದೆ. ಬಸ್ಸು ಎಲ್ಲಿಗೆ ಹೋಗುತ್ತದೆ, ಯಾವ ಅಂಕಣದಲ್ಲಿ ನಿಂತಿದೆ, ಹೇಳಿದೆ. ಏಳು ಎಂದೆ. ಮತ್ತೆ ಏಳು ಎಂದೆ. ಮೂರನೇ ಸಲ ಧ್ವನಿ ಒಡೆಯಿತು, ಅಂಕಿ ಮಾತ್ರ ಒಡೆಯಲಿಲ್ಲ. ಹಾದಿ ಹೇಳಿದೆ: ಬೆಂಚುಗಳ ಸಾಲು ಮುಗಿಯುವ ತನಕ ನೇರ, ನೀರಿನ ನಲ್ಲಿ ಬಳಿ ಬಲಕ್ಕೆ. ಹಾದಿ ಹೇಳುವುದು ಘೋಷಣೆಯ ನಿಯಮದಲ್ಲಿಲ್ಲ.

ಅವಳು ಎದ್ದಳು. ಟ್ರಂಕು ಎತ್ತಿಕೊಂಡು ಧ್ವನಿವರ್ಧಕದ ಕಡೆ ಮುಖ ಮಾಡಿ ನಿಂತಳು. ಪಕ್ಕದಲ್ಲಿದ್ದ ಹೆಂಗಸಿನ ಹತ್ತಿರ ಏನೋ ಕೇಳಿದಳು. ನಾನು ಮೇಜಿನ ಕಡೆ ನೋಡಿದೆ. ಇನ್ನೂ ಕೂಗಬೇಕಾದ ಬಸ್ಸುಗಳಿದ್ದವು.

ಪಾಳಿ ಮುಗಿಸಿ ಹೊರಬಂದರೆ ಅವಳು ಅದೇ ಬೆಂಚಿನಲ್ಲಿದ್ದಳು.

"ಬಸ್ಸು ತಪ್ಪಿಸ್ಕೊಂಡ್ಯಾ?"

"ಇಲ್ಲ, ಕೇಳಿಸ್ತು. ಏಳನೇ ಅಂಕಣ, ನಲ್ಲಿ ಬಳಿ ಬಲಕ್ಕೆ."

"ಮತ್ತೆ?"

"ನಿಜವಾಗ್ಲೂ ಏಳಕ್ಕೆ ಬಂದಿದೆಯಾ ಅಂತ ಪಕ್ಕದೋರನ್ನ ಕೇಳ್ದೆ. ಅವರು ಎದ್ದು ಹೋಗಿ ನೋಡ್ಕೊಂಡು ಬಂದು, ಹೌದು ಅಂದ್ರು." ಟ್ರಂಕನ್ನು ನನ್ನ ಕಡೆ ತಳ್ಳಿದಳು. "ನೀವಿದನ್ನ ಹಿಡ್ಕೊಳ್ಳಿ. ನನಗೆ ಮೆಟ್ಟಿಲು ಎಲ್ಲಿ ಬರುತ್ತೆ ಹೇಳ್ತಾ ಬನ್ನಿ. ನಡೀರಿ, ಹೊಟ್ಟೆ ಹಸೀತಿದೆ."

ದಾರಿಯುದ್ದಕ್ಕೂ ಹೇಳುತ್ತ ಬಂದೆ. ಮೆಟ್ಟಿಲು. ಕಲ್ಲು. ಸೈಕಲ್ಲು. ನಾಯಿ, ಮಲಗಿದೆ. ಮತ್ತೆ ಮೆಟ್ಟಿಲು.


ಅಕ್ಟೋಬರ್ ೧೧, ಭಾನುವಾರ

ಕಾನೂನು ತಿದ್ದುಪಡಿಯಾಗಿದೆ. ನೋಡುವವಳು ಒಬ್ಬಳು, ಕೇಳುವವಳು ಒಬ್ಬಳು. ಇಷ್ಟು ಕಷ್ಟದ ಕೆಲಸವನ್ನು ನಾನು ನಿಲ್ದಾಣದಲ್ಲೂ ಮಾಡಿಲ್ಲ.

"ಹಳದಿ," ಎಂದೆ.

"ಯಾವ ಹಳದಿ?"

"ಹಳದಿ ಹಳದಿ."

"ಹಳದಿ ಸಾವಿರ ಇವೆ ಅತ್ತಿಗೆ. ನಿಂಬೆಹಣ್ಣಿನ ಸಿಪ್ಪೇನಾ, ಹಳೇ ಕಾಗದಾನಾ, ಬೆಂಕಿಕಡ್ಡಿ ಹತ್ತಿದ ಮೇಲೆ ತುದೀನಾ?"

ಮತ್ತೆ ಕಣ್ಣಿಟ್ಟೆ. ತುಂಬ ಹೊತ್ತು ನೋಡಿದೆ. ಇಷ್ಟು ವರ್ಷ ನಾನು ನೋಡಿಯೇ ಇರಲಿಲ್ಲ ಎಂದು ಕಾಣುತ್ತದೆ. "ಹಾಲಿಗೆ ಒಂದು ತೊಟ್ಟು ಟೀ ಬಿದ್ದರೆ ಆಗೋ ಬಣ್ಣ. ಸಾಸಿವೆ ಅಲ್ಲ ಕಣೇ. ನೀನು ಹೇಳ್ತಿದ್ದಷ್ಟು ಗಾಢವಾಗಿಲ್ಲ."

ಅವಳು ಸ್ವೆಟರಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಬೇಸರವಾಯಿತೋ ಏನೋ ಎಂದುಕೊಂಡೆ. ಆದರೂ ಮಾತು ವಾಪಸ್ಸು ತೆಗೆದುಕೊಳ್ಳಲಿಲ್ಲ.

"ನನ್ನ ಕಣ್ಣು ಆಗಲೇ ಹಳದಿ ತಿರುಗಿತ್ತೇನೋ," ಎಂದಳು ಕೊನೆಗೆ. "ಹಾಗಾದ್ರೆ ಸರಿಯಾದ ಬಣ್ಣ ನಾನು ನೋಡೇ ಇಲ್ಲ."

 ಅಳಿಯನಿಗೆ ಮುಚ್ಚಳ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ತೋಳು ಮುಂದೆ ಚಾಚಿ, "ಈ ಸ್ವೆಟರು ಬೂದು ತಾನೆ?" ಎಂದು ಕೇಳಿದಳು.

"ಬೂದು. ಮೊಣಕೈ ಹತ್ರ ಮಾಸಿ ಮಣ್ಣಿನ ಬಣ್ಣ ಬಂದಿದೆ. ಒಂದು ಕಡೆ ಎಳೆ ಬಿಟ್ಟಿದೆ."

"ನನ್ನ ಮುಖ? ಅಣ್ಣನ ಹಾಗಾಗಿದೆ ಅಂತ ಎಲ್ಲಾ ಅಂತಿದ್ರು. ಕನ್ನಡೀಲಿ ನನಗೆ ಈಗ ಸುತ್ತಲ ಕೂದಲು ಮಾತ್ರ ಇದೆ."

ನೋಡಿದೆ. ಮುಖ ತಿರುಗಿಸದೆ, ಪೂರ್ತಿ ನೋಡಿದೆ. "ಹಣೆ ಅಲ್ಲ. ಮೂಗು ಅಲ್ಲ. ಬಾಯಿ ಅವರದ್ದೇ. ನಗುವಾಗ ಎಡಕ್ಕೆ ಎಳೆಯುತ್ತೆ. ಅಳುವಾಗಲೂ ಹಾಗೇ ಎಳೆಯುತ್ತೆ. ಈಗ ಎಳೀತಿದೆ."

ಅವಳು ಅತ್ತಳು. ನಾನೂ ಅತ್ತೆ. ಏಪ್ರಿಲ್‌ನಿಂದ ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅಳುತ್ತಿದ್ದೆವು. ಇವತ್ತು ನೀರು ಉಳಿಯಿತು.


ನವೆಂಬರ್ ೧, ಭಾನುವಾರ

ಈಗ ಕಿವಿಯ ಪಕ್ಕವೂ ನಾನು ಇಲ್ಲವಂತೆ. ಬೆಳಿಗ್ಗೆ ಹೇಳಿದಳು, ಹಾಲು ಬಂದಿಲ್ಲ ಅನ್ನುವ ಧ್ವನಿಯಲ್ಲಿ. ಬೆಳಕು ಯಾವ ಕಡೆಯಿದೆ ಅನ್ನುವುದು ಮಾತ್ರ ತಿಳಿಯುತ್ತದೆ.  ಕಿಟಕಿ ತೆರೆದೆ. "ಆ ಕಡೆ," ಎಂದು ಕೈ ತೋರಿಸಿದಳು. "ಹೌದು, ಆ ಕಡೆ," ಎಂದೆ. ಆ ಕಡೆಯೇ ಇತ್ತು.

ಟ್ರಂಕಿನ ಬಟ್ಟೆಗಳು ಕಪಾಟಿಗೆ ಬಂದಿವೆ, ಮೇಲಿನ ಎರಡು ಹಲಗೆ ಅವಳಿಗೆ. ಖಾಲಿ ಟ್ರಂಕನ್ನು ದರ್ಜಿ ತನ್ನ ಚಿಂದಿ ಬಟ್ಟೆ ತುಂಬಲು ಒಯ್ದ.

ಮಧ್ಯಾಹ್ನ ಅದೇ ಕಪಾಟಿನಿಂದ ಟವೆಲು ತೆಗೆದು, ಯಾವುದೋ ಯೋಚನೆಯಲ್ಲಿ ಬಾಗಿಲನ್ನು ಅರ್ಧಕ್ಕೆ ಬಿಟ್ಟು ಹೋದೆ. ಅವಳು ತನ್ನ ದಾರಿಯಲ್ಲಿ ತಾನು ನಿಶ್ಚಿಂತೆಯಿಂದ ಬಂದಳು. ಬಾಗಿಲಿನ ಅಂಚು ನೇರ ಹಣೆಗೆ. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅದೇ ಟವೆಲಿನಿಂದ ರಕ್ತ ಒರೆಸಿದೆ.

"ದೊಡ್ಡ ಗಾಯಾನಾ?" ಎಂದಳು.

"ದೊಡ್ಡದೇ. ಗುರುತು ಉಳಿಯುತ್ತೆ."

"ಯಾವ ಬಣ್ಣ?"

"ಈಗ ಕೆಂಪು. ನಾಳೆ ನೀಲಿ ಆಗುತ್ತೆ, ಆಮೇಲೆ ಹಳದಿ."

"ಯಾವ ಹಳದಿ ಅಂತ ಆಗ ಕೇಳ್ತೀನಿ," ಎಂದಳು.

ಅವಳೇ ತಿಳಿಸಿದ ಮೇಲೆ ನನಗೂ ತಿಳಿಯಿತು. ಪೂರ್ತಿ ಮುಚ್ಚಿದ ಬಾಗಿಲು ಅವಳ ಕೈಗೆ ಸಿಗುತ್ತದೆ. ಪೂರ್ತಿ ತೆರೆದದ್ದು ದಾರಿಗೆ ಅಡ್ಡ ಬರುವುದಿಲ್ಲ. ಅರ್ಧ ತೆರೆದದ್ದು ಚಾಚಿದ ಎರಡು ಕೈಗಳ ನಡುವೆ ನುಗ್ಗಿಬಿಡುತ್ತದೆ.

ಈ ಪುಸ್ತಕ ಯಾರ ಕೈಗಾದರೂ ಸಿಕ್ಕಿ, ಯಾರಾದರೂ ಇಲ್ಲಿಯ ತನಕ ಓದಿದ್ದರೆ, ಅವರಲ್ಲಿ ಒಂದು ವಿನಂತಿ. ನಮ್ಮ ಮನೆಗೆ ಬಂದಾಗ ಕೋಣೆಯ ಬಾಗಿಲಾಗಲಿ, ಕಪಾಟಿನ ಬಾಗಿಲಾಗಲಿ, ಪೂರ್ತಿ ತೆರೆದಿಡಿ ಅಥವಾ ಪೂರ್ತಿ ಮುಚ್ಚಿ. ದಯವಿಟ್ಟು ಅರ್ಧಕ್ಕೆ ಬಿಡಬೇಡಿ.